ಒಬ್ಬಳೇ ಇರುವ ವಿಭಾಗದ ಮುಖ್ಯಸ್ಥೆ

ಶನಿವಾರ, 3 ಮಾರ್ಚ್ 2007. ರೈಲಿನಲ್ಲಿ

ಕಿಟಕಿ ಪಕ್ಕದ ಸೀಟು ಸಿಕ್ಕಿದೆ, ಕೊಲ್ಲಂ ದಾಟಿದೆ, ರಾತ್ರಿ ಊಟದ ಹೊತ್ತಿಗೆ ವಿನು ಎದುರಿಗಿರುತ್ತಾನೆ. ಇವತ್ತು ಈ ರೈಲಿನಲ್ಲಿ ನನ್ನಷ್ಟು ಸುಖಿ ಯಾರೂ ಇಲ್ಲ. ಎದುರು ಸೀಟಿನ ಅಂಕಲ್‌ಗೂ ಅದು ಗೊತ್ತಾಗಿರಬೇಕು, ನಾನು ಒಬ್ಬಳೇ ನಗುವುದನ್ನು ನೋಡಲಾರದೆ ಪೇಪರ್ ಅಡ್ಡ ಹಿಡಿದು ಕೂತಿದ್ದಾರೆ.

ಮದುವೆಯಾಗಿ ಮೂರು ತಿಂಗಳಾದರೂ ನಮ್ಮದು ಬರೀ ಭಾನುವಾರದ ಸಂಸಾರ. ವಿನು ಅಂದರೆ ವಿನಾಯಕ್, ಕೊಚ್ಚಿಯಲ್ಲಿ ಬ್ಯಾಂಕ್ ಆಫೀಸರ್. ನಾನು ತಿರುವನಂತಪುರದಲ್ಲಿ ಅರಿವಳಿಕೆಯಲ್ಲಿ ಎಂ.ಡಿ., ಕೊನೆಯ ವರ್ಷ. ಬ್ಯಾಂಕಿಗೆ ಶನಿವಾರವೂ ಅರ್ಧ ದಿನ ಕೆಲಸ, ಆದ್ದರಿಂದ ರೈಲು ಹತ್ತುವವಳು ಯಾವಾಗಲೂ ನಾನೇ. ಕೊಚ್ಚಿ ಪಕ್ಕದ ತ್ರಿಪ್ಪುಣಿತ್ತುರದ ಬಾಡಿಗೆ ಮನೆಗೆ ಮೈಸೂರಿನಿಂದ ಅತ್ತೆ ಚಂದ್ರಮ್ಮನವರೂ ಬಂದಿದ್ದಾರೆ. ಅವರ ಎದುರಿಗೆ ನಾನು ವಿನುವನ್ನು "ರೀ" ಅನ್ನುತ್ತೇನೆ. ಅವನು ತಿರುಗಿಯೂ ನೋಡುವುದಿಲ್ಲ, ಬೇರೆ ಯಾರನ್ನೋ ಕರೆದೆ ಅಂದುಕೊಳ್ಳುತ್ತಾನೆ.

ಮೇ ತಿಂಗಳಲ್ಲಿ ಪರೀಕ್ಷೆ. ಆಮೇಲೆ ಏನು ಮಾಡಬೇಕು ಅನ್ನುವುದು ನನ್ನೊಬ್ಬಳನ್ನು ಬಿಟ್ಟು ಎಲ್ಲರಿಗೂ ಗೊತ್ತಿದೆ. ಸರ್ಕಾರಿ ಕೆಲಸ ಹಿಡಿ ಅಂತ ಮೈಸೂರಿನಿಂದ ಅಪ್ಪ. ಇಂಗ್ಲೆಂಡ್ ಪರೀಕ್ಷೆ ಬರೆ ಅಂತ ರೂಮ್‌ಮೇಟ್. ದೊಡ್ಡ ಆಸ್ಪತ್ರೆ ಸೇರು, ಐದೇ ವರ್ಷದಲ್ಲಿ ಕಾರು ಅಂತ ಸೀನಿಯರ್. ವಿನುವಿನ ಮ್ಯಾನೇಜರ್ ವಿನ್ಸೆಂಟ್ ಸರ್ ಅಂತೂ ನನ್ನ ಮುಖವನ್ನೇ ನೋಡಿಲ್ಲ, ಆದರೂ ಬ್ಯಾಂಕಿನ ನಾಯಕತ್ವ ತರಬೇತಿಯ ಹಾಳೆಗಳನ್ನೆಲ್ಲ ಝೆರಾಕ್ಸ್ ಮಾಡಿಸಿ ಕಳಿಸಿದ್ದಾರೆ. ಅತ್ತೆ ಹೇಳಿದ್ದು ಒಂದೇ ಮಾತು: "ಮನೆ ಹತ್ರ ಯಾವ್ದಾದ್ರೂ ಇದ್ರೆ ನೋಡಮ್ಮ, ಮಧ್ಯಾಹ್ನ ಊಟಕ್ಕೆ ಬರಬಹುದು."

ಸದ್ಯಕ್ಕೆ ನಾನು ಅತ್ತೆಯ ಪಕ್ಷ.

ಭಾನುವಾರ, 4 ಮಾರ್ಚ್. ತ್ರಿಪ್ಪುಣಿತ್ತುರ

ನನ್ನ ಪರೀಕ್ಷೆ ಮುಗಿಯುವ ತನಕ ಅತ್ತೆ ಪ್ರತಿ ಭಾನುವಾರ ಸಂಜೆವರೆಗೆ ಉಪವಾಸವಂತೆ. ವಿನು ಹೇಳಿದಾಗ ನನಗೆ ಅಳುವೇ ಬಂತು. ಓದಬೇಕಾದವಳು ನಾನು, ಹಸಿದಿರುವವರು ಅವರು. ಇವತ್ತು ನಾನೂ ಉಪವಾಸ ಎಂದು ಘೋಷಿಸಿ ಅವರ ಜೊತೆ ದೇವಸ್ಥಾನಕ್ಕೆ ಹೋದೆ.

ಅಲ್ಲಿ ಪಾಲ್ ಪಾಯಸ ಕೊಡುತ್ತಿದ್ದರು. ಹಾಲು, ಅಕ್ಕಿ, ಸಕ್ಕರೆ ಕುದಿದು ಕುದಿದು ತಿಳಿಗುಲಾಬಿ ಬಣ್ಣಕ್ಕೆ ತಿರುಗಿದ್ದು, ಬಿಸಿಬಿಸಿ. ನಾನು ಪಾಪ ಅತ್ತೆ ಎಂದು ಅವರ ಮುಖ ನೋಡುವಷ್ಟರಲ್ಲಿ ಅವರು ಒಂದು ಲೋಟ ಮುಗಿಸಿ ಇನ್ನೊಂದು ಹಿಡಿದಿದ್ದರು.

"ಅತ್ತೆ, ಉಪವಾಸ?"

"ಪ್ರಸಾದ ಲೆಕ್ಕಕ್ಕಿಲ್ಲ ಕಣಮ್ಮ," ಅಂದರು, ನನಗೆ ಅಷ್ಟೂ ತಿಳಿಯದಲ್ಲ ಎಂಬ ಕನಿಕರದಿಂದ.

ಆಪರೇಷನ್ನಿಗೆ ಮುಂಚೆ ಹೊಟ್ಟೆ ಖಾಲಿ ಇರಬೇಕು ಅಂತ ದಿನವೂ ರೋಗಿಗಳಿಗೆ ಹೇಳುವವಳು ನಾನು. ಮಲಗಿಸಿದ ಮೇಲೆ ಹೊಟ್ಟೆಯಲ್ಲಿದ್ದದ್ದು ಮೇಲೆ ಬಂದು ಶ್ವಾಸಕೋಶಕ್ಕೆ ಇಳಿದರೆ ಜೀವ ಹೋಗಬಹುದು. ಅಂಥ ವೈದ್ಯೆ ಅತ್ತೆಯ ಶಾಸ್ತ್ರಕ್ಕೆ ತಲೆಬಾಗಿ ಎರಡು ಲೋಟ ಕುಡಿದು, ಮನೆಗೆ ಬಂದು ಹಸಿವಿನಿಂದ ಸುಸ್ತಾದವಳಂತೆ ಮಲಗಿದೆ. ವಿನು ತಲೆ ಒತ್ತಿಕೊಟ್ಟ. ನಾನು ನಿಜ ಹೇಳಲಿಲ್ಲ.

ಗುರುವಾರ, 22 ಮಾರ್ಚ್. ತಿರುವನಂತಪುರ

ಇವತ್ತು ಥಿಯೇಟರ್‌ನಲ್ಲಿ ಅವಮಾನ. ಆಪರೇಷನ್ ನಡೆಯುವಾಗ ರೋಗಿಯ ಬಿಪಿ ಇಳಿಯತೊಡಗಿತು. ಸ್ವಲ್ಪ ನಿಲ್ಲಿಸಿ ಅಂತ ಸರ್ಜನ್‌ಗೆ ಹೇಳಬೇಕು. "ಸಾರಿ ಸರ್, ಒಂದು ನಿಮಿಷ," ಅಂದೆ. ಕೇಳಿಸಲಿಲ್ಲ. "ಸಾರಿ ಸರ್," ಅಂದೆ. ಕೇಳಿಸಲಿಲ್ಲ. ಜೂನಿಯರ್ ಜೀವಿತಾ ಓಡಿಹೋಗಿ ಪಕ್ಕದ ಥಿಯೇಟರ್‌ನಿಂದ ನಮ್ಮ ಪ್ರೊಫೆಸರ್ ಸುಮಿತ್ರ ಮೇಡಂ ಅವರನ್ನು ಕರೆತಂದಳು. ಮೇಡಂ ಬಾಗಿಲಲ್ಲೇ ನಿಂತು "ಸ್ಟಾಪ್" ಅಂದರು. ಸರ್ಜನ್ ಕೈ ಎತ್ತಿದರು. ಐದು ಅಡಿ ಎತ್ತರವೂ ಇಲ್ಲ ನಮ್ಮ ಮೇಡಂ.

ಆಮೇಲೆ ಚಹಾ ಕುಡಿಯುತ್ತಾ ಕೇಳಿದರು, "ಆ 'ಸಾರಿ ಸರ್' ಅನ್ನೋದು ನೀನು ಕೊಡೋ ಮೊದಲ ಇಂಜೆಕ್ಷನ್ನಾ?"

ಜೀವಿತಾ ಚಹಾ ಉಗುಳಿಕೊಂಡಳು. ನಾನೂ ನಕ್ಕೆ, ಬೇರೆ ದಾರಿ ಇರಲಿಲ್ಲ. ಹೇಗೂ ಮಾತು ಬಂದಿತಲ್ಲ ಅಂತ ಮುಂದೆ ಎಲ್ಲಿ ಕೆಲಸಕ್ಕೆ ಸೇರಲಿ ಎಂದು ಸಲಹೆ ಕೇಳಿದೆ. ಇಷ್ಟು ದೊಡ್ಡ ಪ್ರೊಫೆಸರ್, ಚೌಕಟ್ಟು ಹಾಕಿಸಿಡುವಂಥ ಮಾತು ಬರುತ್ತದೆ ಅಂದುಕೊಂಡಿದ್ದೆ. ಅವರು ಹೇಳಿದ್ದು ಇಷ್ಟು: "ಯಾವ ಹುದ್ದೆ ಅಂತ ಕೇಳಬೇಡ. ನೀನು ಕೂಗಿದರೆ ಯಾರು ಬರುತ್ತಾರೆ ಅಂತ ಕೇಳು." ಆಮೇಲೆ, ಇನ್ನೊಂದು ವರ್ಷ ಇಲ್ಲೇ ಸೀನಿಯರ್ ರೆಸಿಡೆಂಟ್ ಆಗಿ ನಿಲ್ಲು, ನಿನ್ನ ಕೈ ಪಳಗಿದೆ, ದನಿ ಪಳಗಿಲ್ಲ ಅಂದರು.

ಇನ್ನೂ ಒಂದು ವರ್ಷ ಭಾನುವಾರದ ಸಂಸಾರವೇ? ನಾನು ಬಿಸ್ಕತ್ತಿನ ತಟ್ಟೆ ಅವರ ಕಡೆ ತಳ್ಳಿದೆ.

ಭಾನುವಾರ, 8 ಏಪ್ರಿಲ್. ಕೊಚ್ಚಿ

ನನ್ನ ಅದೃಷ್ಟ ಇವತ್ತು ಈಸ್ಟರ್ ಊಟದ ಎಲೆಯ ಪಕ್ಕದಲ್ಲೇ ಕೂತಿತ್ತು.

ವಿನ್ಸೆಂಟ್ ಸರ್ ಮನೆಯಲ್ಲಿ ಊಟ. ಅಪ್ಪಂ ಜೊತೆ ನಮಗಾಗಿ ತರಕಾರಿ ಸ್ಟ್ಯೂ ಬೇರೆಯಾಗಿ ಮಾಡಿಸಿದ್ದರು. ಪಕ್ಕದಲ್ಲಿ ಡಾ. ದಾಮೋದರನ್ ಅನ್ನುವ ಸರ್ಜನ್, ಬ್ಯಾಂಕಿನ ದೊಡ್ಡ ಗಿರಾಕಿ. ಹದಿನೈದು ವರ್ಷ ಮಸ್ಕತ್‌ನಲ್ಲಿದ್ದು ಬಂದು ಎಡಪ್ಪಳ್ಳಿಯಲ್ಲಿ ಸ್ವಂತ ಆಸ್ಪತ್ರೆ ಕಟ್ಟಿಸುತ್ತಿದ್ದಾರೆ. ನಾನು ಏನು ಓದುತ್ತಿದ್ದೇನೆ ಅಂತ ಕೇಳಿದರು. ಹೇಳಿದೆ. ಎರಡನೇ ಅಪ್ಪಂ ಮುಗಿಯುವಷ್ಟರಲ್ಲಿ ನಾನು ಅವರ ಆಸ್ಪತ್ರೆಯ ಅರಿವಳಿಕೆ ವಿಭಾಗದ ಹೆಚ್.ಓ.ಡಿ. ಆಗಿದ್ದೆ.

ಹೆಚ್.ಓ.ಡಿ.! ವಿಭಾಗದ ಮುಖ್ಯಸ್ಥೆ! ನನ್ನ ಪ್ರೊಫೆಸರ್‌ಗೆ ಅದು ಸಿಗಲು ಇಪ್ಪತ್ತೆರಡು ವರ್ಷ ಹಿಡಿಯಿತು, ನನಗೆ ಎರಡು ಅಪ್ಪಂ.

ಮೇಡಂ ಮಾತು ನೆನಪಾಗಿ ಕೇಳಿಯೂ ಕೇಳಿದೆ, "ಸರ್, ನಾನು ಕೂಗಿದರೆ ಯಾರು ಬರುತ್ತಾರೆ?" ಅವರು ಮನಸಾರೆ ನಕ್ಕು, "ನಾನಿಲ್ಲವೇ ಮೋಳೆ?" ಅಂದರು. ಮೋಳೆ ಅಂದರೆ ಮಗಳೇ. ಎಂಥ ಒಳ್ಳೆಯ ಮನುಷ್ಯ. ಬೈಕಿನಲ್ಲಿ ವಾಪಸು ಬರುವಾಗ ವೈಟ್ಟಿಲದ ಸಿಗ್ನಲ್ಲಿನಲ್ಲಿ ಇಡೀ ಕೊಚ್ಚಿಯೇ ನಿಂತಿತ್ತು. ವಿನು ಹೆಲ್ಮೆಟ್ಟಿನೊಳಗಿಂದ, "ಮೇಡಂ ಹೆಚ್.ಓ.ಡಿ., ಬಿಗಿಯಾಗಿ ಹಿಡ್ಕೊಳ್ಳಿ," ಅಂದ. ಹಿಡಿದುಕೊಂಡೆ. ಸಿಗ್ನಲ್ ಹಸಿರಾಗುವುದೇ ಬೇಡವಾಗಿತ್ತು.

ಶುಕ್ರವಾರ, 25 ಮೇ

ಪರೀಕ್ಷೆ ಮುಗಿಯಿತು. ನಿದ್ದೆ.

ಮಂಗಳವಾರ, 26 ಜೂನ್

ಪಾಸ್! ಅತ್ತೆಗೆ ಫೋನ್ ಮಾಡಿದೆ. "ನಾನು ಮೊದಲೇ ಹೇಳಿದ್ನಲ್ಲ," ಅಂದರು, ಉತ್ತರಪತ್ರಿಕೆ ಬರೆದವರಂತೆ. ಅದೂ ಪೂರ್ತಿ ಸುಳ್ಳಲ್ಲ.

ಸುಮಿತ್ರ ಮೇಡಂ ಕೈ ಕುಲುಕಿ, ಸೀನಿಯರ್ ರೆಸಿಡೆಂಟ್ ಜಾಗವನ್ನು ಆಗಸ್ಟ್ ಇಪ್ಪತ್ತರವರೆಗೆ ಯಾರಿಗೂ ಕೊಡುವುದಿಲ್ಲ ಅಂದರು. ನಾನು ಹೆಚ್.ಓ.ಡಿ. ವಿಷಯ ಹೇಳಿದೆ. "ಹೌದಾ? ವಿಭಾಗದಲ್ಲಿ ಎಷ್ಟು ಜನ?" ಅಂದರು. ಇನ್ನೂ ಕೇಳಿಲ್ಲ ಅಂದೆ. ಅವರು ಜಾಗ ಇಟ್ಟಿರುತ್ತೇನೆ ಅಂತ ಮತ್ತೊಮ್ಮೆ ಹೇಳಿದರು. ವಯಸ್ಸಾದ ಮೇಲೆ ಹೇಳಿದ್ದನ್ನೇ ಹೇಳುತ್ತಾರೆ, ಪಾಪ.

ಬುಧವಾರ, 18 ಜುಲೈ. ತ್ರಿಪ್ಪುಣಿತ್ತುರ

ಇದು ನಿಜವಾದ ಮದುವೆ. ಬುಧವಾರವೂ ವಿನುವನ್ನು ನೋಡಬಹುದು! ಬೆಳಿಗ್ಗೆ ಅವನ ಟೈ ನಾನೇ ಕಟ್ಟುತ್ತೇನೆ, ಬಾಗಿಲು ದಾಟಿದ ಮೇಲೆ ಅವನು ಅದನ್ನು ಸರಿಮಾಡಿಕೊಳ್ಳುತ್ತಾನೆ. ಸಂಜೆ ಅವನ ಬೈಕಿನ ಸದ್ದು ಬೀದಿಯ ತಿರುವಿನಲ್ಲೇ ಗೊತ್ತಾಗುತ್ತದೆ. ಒಮ್ಮೆ ತಪ್ಪಾಗಿ ಹಾಲಿನವನಿಗೆ ಓಡಿ ಬಾಗಿಲು ತೆಗೆದೆ, ನಗುಮುಖದಿಂದ.

ಇವತ್ತು ಆಸ್ಪತ್ರೆ ನೋಡಿ ಬಂದೆ. ನನ್ನ ವಿಭಾಗದಲ್ಲಿ ನಾನು, ಒಂದು ಹೊಚ್ಚಹೊಸ ಯಂತ್ರ, ಒಂದು ತಿರುಗುವ ಕುರ್ಚಿ ಇದ್ದೇವೆ. ಮೋಹಿನಿ ಸಿಸ್ಟರ್ ಇದ್ದಾರೆ, ಆದರೆ ಅವರು ಥಿಯೇಟರ್‌ಗೆ ಸೇರಿದವರು. ಬ್ರೋಷರಿನಲ್ಲಿ ಪ್ರತಿ ವಿಭಾಗಕ್ಕೂ ಒಬ್ಬ ಮುಖ್ಯಸ್ಥರ ಹೆಸರಿದೆ. ಬೇರೆ ವಿಭಾಗಗಳಲ್ಲೂ ಮುಖ್ಯಸ್ಥರು ಮಾತ್ರ ಇದ್ದಾರೆ. ವಿನು ಹೇಳಿದ, "ನಿಮ್ಮ ವಿಭಾಗದ ಮೀಟಿಂಗನ್ನು ಕನ್ನಡಿ ಮುಂದೆ ಮಾಡ್ಕೋಬಹುದು. ಎಲ್ಲರೂ ಟೈಮಿಗೆ ಸರಿಯಾಗಿ ಬರ್ತಾರೆ."

ಅವನ ಕಿವಿ ಹಿಂಡಿದೆ. ಆಮೇಲೆ ವಿನ್ಸೆಂಟ್ ಸರ್ ಕಳಿಸಿದ ಹಾಳೆಗಳನ್ನು ತೆಗೆದು ಓದಿದೆ. ನಾಯಕರಾದವರು ನೆಟ್ಟಗೆ ನಿಂತು, ಎದುರಿನವರ ಕಣ್ಣು ನೋಡಿ, ಹೆಸರು ಹಿಡಿದು ಮಾತಾಡಬೇಕಂತೆ. ಅಡುಗೆಮನೆಗೆ ಹೋಗಿ ನೆಟ್ಟಗೆ ನಿಂತು ಅತ್ತೆಯ ಕಣ್ಣು ನೋಡಿದೆ. ಹೆಸರು ಹಿಡಿಯುವ ಧೈರ್ಯ ಬರಲಿಲ್ಲ. "ಹೊಟ್ಟೆನೋವಾ?" ಅಂದರು.

ಗುರುವಾರ, 16 ಆಗಸ್ಟ್

ನಾಳೆ ಚಿಂಗಂ ಒಂದು. ಅಶುಭದ ಕರ್ಕಿಡಕ ತಿಂಗಳು ಮುಗಿದು ಮಲಯಾಳಿಗಳಿಗೆ ಹೊಸ ವರ್ಷ. ಬೆಳಿಗ್ಗೆ 10.40ಕ್ಕೆ ಆಸ್ಪತ್ರೆ ತೆರೆಯುವ ಮುಹೂರ್ತ, ಅದೇ ಗಳಿಗೆಗೆ ಮೊದಲ ಆಪರೇಷನ್. ರೋಗಿ ದಾಮೋದರನ್ ಸರ್ ಅವರ ಸೋದರಮಾವ ಉಪೇಂದ್ರನ್. ಎಲ್ಲರಿಗೂ ಅವರು ಅಮ್ಮಾವನ್, ಅಂದರೆ ಮಾವ. ಪಿತ್ತಕೋಶದ ಕಲ್ಲು ಬಹಳ ದಿನದಿಂದ ಇದೆಯಂತೆ, ಅಳಿಯನ ಆಸ್ಪತ್ರೆ ತೆರೆಯಲಿ ಅಂತಲೇ ಕಾದಿಟ್ಟುಕೊಂಡಿದ್ದರಂತೆ. ಇವತ್ತು ರಾತ್ರಿ ಅಡ್ಮಿಟ್ ಆಗಲು ಒಪ್ಪಲಿಲ್ಲ, ಕರ್ಕಿಡಕದಲ್ಲಿ ಆಸ್ಪತ್ರೆಯಲ್ಲಿ ಮಲಗುವುದುಂಟೇ? ರಾತ್ರಿ ಊಟ ಆದ ಮೇಲೆ ಏನೂ ತಿನ್ನಬಾರದು ಅಂತ ಅವರಿಗೆ ಮಲಯಾಳದಲ್ಲೂ ಇಂಗ್ಲಿಷಿನಲ್ಲೂ ಹೇಳಿದೆ. ಎರಡರಲ್ಲೂ ತಲೆಯಾಡಿಸಿದರು.

ಹಸಿರು ರೇಷ್ಮೆ ಸೀರೆ ಇಸ್ತ್ರಿ ಆಗಿದೆ. ಥಿಯೇಟರ್‌ನಲ್ಲಿ ಹೇಗೂ ಅದನ್ನು ಬಿಚ್ಚಿ ಬೇರೆ ಬಟ್ಟೆ ಹಾಕಬೇಕು. ಇರಲಿ, ಉಡುತ್ತೇನೆ.

ಶುಕ್ರವಾರ, 17 ಆಗಸ್ಟ್

ಎಲ್ಲಿಂದ ಶುರುಮಾಡಲಿ.

ಹತ್ತು ಗಂಟೆಗೆ ಆಸ್ಪತ್ರೆ ಮದುವೆ ಮನೆಯಂತಿತ್ತು. ಬಾಗಿಲಿಗೆ ಹೂವು, ನಿಲವಿಳಕ್ಕು ಅನ್ನುವ ಎತ್ತರದ ಹಿತ್ತಾಳೆ ದೀಪ, ಪತ್ರಿಕೆಯ ಫೋಟೋಗ್ರಾಫರ್, ವಿನ್ಸೆಂಟ್ ಸರ್, ಅವರ ಹಿಂದೆ ರಜೆ ಹಾಕಿ ಬಂದ ನನ್ನ ವಿನು. ಅಮ್ಮಾವನ್‌ರನ್ನು ಥಿಯೇಟರ್ ಹೊರಗಿನ ಕೋಣೆಯಲ್ಲಿ ಮಲಗಿಸಿದ್ದರು. ಮೋಹಿನಿ ಸಿಸ್ಟರ್, ಎಲ್ಲ ಕೇಳಿದ್ದೇನೆ, ರಾತ್ರಿಯಿಂದ ಏನೂ ತಿಂದಿಲ್ಲವಂತೆ ಅಂದರು. ನಾನೂ ಕೇಳಿದೆ. "ಒಂದಗುಳೂ ಇಲ್ಲ ಮೋಳೆ," ಅಂದರು.

ಅವರ ಹಣೆಯ ಮೇಲೆ ಗಂಧವಿತ್ತು, ಇನ್ನೂ ಹಸಿ. ಅದನ್ನು ನೋಡಿದ್ದೇ ನನಗೆ ಯಾಕೋ ಅತ್ತೆಯ ಮುಖ ಕಣ್ಣಮುಂದೆ ಬಂತು.

"ದೇವಸ್ಥಾನಕ್ಕೆ ಹೋಗಿದ್ರಾ ಅಮ್ಮಾವನ್?"

"ಇಷ್ಟು ದೊಡ್ಡ ಕಾರ್ಯ, ಹೋಗದೆ ಇರ್ತೀನಾ? ಅಳಿಯನ ಹೆಸರಲ್ಲಿ ಪಾಯಸದ ಸೇವೆ ಮಾಡಿಸಿದೆ."

"ಪ್ರಸಾದ ತಗೊಂಡ್ರಾ?"

"ತಗೋಬೇಕಲ್ಲ."

"ಎಷ್ಟು?"

ಅವರು ಮೋಹಿನಿ ಸಿಸ್ಟರ್ ಮುಖ ನೋಡಿದರು. ಎರಡು ಲೋಟ ಇರಬಹುದು, ಅದು ತಿಂದ ಲೆಕ್ಕವಲ್ಲವಲ್ಲ ಅಂದರು. ಯಾವ ದೇವಸ್ಥಾನ ಅಂತ ಕೇಳಿದೆ. ನಮ್ಮದೇ. ಆ ಪಾಯಸ ನನಗೆ ಗೊತ್ತು.

ಹೊರಗೆ ಬಂದು ದಾಮೋದರನ್ ಸರ್‌ಗೆ ಹೇಳಿದೆ. ಅವರು ನಕ್ಕರು. ಮೂಗಿಗೆ ಟ್ಯೂಬ್ ಹಾಕಿ ಹೊಟ್ಟೆ ಖಾಲಿ ಮಾಡು, ಬೇಗ ಬೇಗ ಮಲಗಿಸು, ಮಸ್ಕತ್‌ನಲ್ಲಿ ಎಷ್ಟು ಮಾಡಿಲ್ಲ ಅಂದರು. ಗಟ್ಟಿ ಅನ್ನ ಟ್ಯೂಬಿನಲ್ಲಿ ಬರುವುದಿಲ್ಲ, ಎಡವಟ್ಟಾದರೆ ಪಕ್ಕದಲ್ಲಿ ಇನ್ನೊಬ್ಬ ಅರಿವಳಿಕೆಯವರು ಬೇಕು, ಇಲ್ಲಿ ಇರುವುದು ನಾನೊಬ್ಬಳೇ ಅಂದೆ. ಅವರು ಗಡಿಯಾರ ನೋಡಿ, ನಾನಿಲ್ಲವೇ ಅಂದರು.

ಆಗ ನನಗೆ ಹೊಳೆದದ್ದು: ನಾನು ಕೂಗಿದರೆ ಬರುವವರು ಇವರು. ಈಗ ಕೂಗಬೇಕಾಗಿರುವುದೂ ಇವರ ಮೇಲೆಯೇ.

ಸುತ್ತ ಜನ. ವಿನ್ಸೆಂಟ್ ಸರ್ ವಿನುವಿನ ಕಡೆ ನೋಡುತ್ತಿದ್ದರು. ವಿನು ನೆಲ ನೋಡುತ್ತಿದ್ದ.

"ಡಾಕ್ಟರ್ ದಾಮೋದರನ್," ಅಂದೆ, "ಈ ವಿಭಾಗದ ಮುಖ್ಯಸ್ಥೆ ನಾನು. ಸಂಜೆ ಆರಕ್ಕೆ ಮುಂಚೆ ಇವರನ್ನು ಮಲಗಿಸುವುದಿಲ್ಲ."

ಅವರ ಮುಖ ಕೆಂಪಾಯಿತು. ಬೇರೆಯವರನ್ನು ಕರೆಸುತ್ತೇನೆ ಅಂತ ಅಲ್ಲೇ ಒಬ್ಬ ಹಿರಿಯ ಅರಿವಳಿಕೆ ವೈದ್ಯರಿಗೆ ಫೋನ್ ಹಚ್ಚಿದರು. ಪಾಯಸದ ಸಂಗತಿ ಹೇಳಿದರು. ಆ ಕಡೆಯಿಂದ ಏನು ಕೇಳಿಸಿತೋ, "ಸಂಜೆ ಆರು ಅಂತಾಳೆ," ಅಂದರು. ಅವರೂ ಅದನ್ನೇ ಹೇಳಿರಬೇಕು, ಫೋನ್ ಜೇಬಿಗಿಟ್ಟರು.

ಮುಹೂರ್ತಕ್ಕೆ ಇನ್ನು ಕಾಲು ಗಂಟೆ. ಪಾಪ, ಅವರನ್ನು ನೋಡಿ ನನಗೇ ಸಂಕಟವಾಯಿತು, ಅಷ್ಟು ಆಸೆಯಿಂದ ಕಟ್ಟಿಸಿದ ಆಸ್ಪತ್ರೆ. "ಮುಹೂರ್ತಕ್ಕೆ ಸೂಜಿ ಚುಚ್ಚೋಣ," ಅಂದೆ. "ಹೇಗೂ ಡ್ರಿಪ್ ಹಾಕಬೇಕು. ಕತ್ತಿ ಸಂಜೆಗೆ." ಅಮ್ಮಾವನ್‌ಗೆ ಬಹಳ ಹಿಡಿಸಿತು. ಸರಿಯಾಗಿ 10.40ಕ್ಕೆ ಅವರು ಫೋಟೋಗ್ರಾಫರ್ ಕಡೆ ತಿರುಗಿ ನಗುತ್ತಾ ಕೈ ಚಾಚಿದರು, ನಾನು ಚುಚ್ಚಿದೆ, ಎಲ್ಲರೂ ಚಪ್ಪಾಳೆ ತಟ್ಟಿದರು. ಡ್ರಿಪ್ ಹಾಕಿದ್ದಕ್ಕೆ ಚಪ್ಪಾಳೆ ಪಡೆದ ಮೊದಲ ವೈದ್ಯೆ ನಾನೇ ಇರಬೇಕು.

ಹನ್ನೊಂದೂವರೆ ಹೊತ್ತಿಗೆ ಅಮ್ಮಾವನ್‌ಗೆ ಸೆಕೆಗೋ ಸಂಭ್ರಮಕ್ಕೋ ಹೊಟ್ಟೆ ತೊಳೆಸಿತು. ಹೊಸ ಕಾರಿಡಾರಿನ ಹೊಸ ಟೈಲ್ಸ್ ಮೇಲೆ ಎಲ್ಲ ವಾಂತಿ. ಅಕ್ಕಿ ಅಕ್ಕಿಯಾಗಿಯೇ ಇತ್ತು. ಎರಡು ಲೋಟ ಅಲ್ಲ, ಮೂರು. ದಾಮೋದರನ್ ಸರ್ ಅದನ್ನು ನೋಡಿದರು, ನನ್ನನ್ನು ನೋಡಿದರು, ತಾವೇ ಹೋಗಿ ಮಾವನ ಬೆನ್ನು ಸವರಿದರು. ನಾನು ಒಳಗೆ ಹೋಗಿ ತಿರುಗುವ ಕುರ್ಚಿಯ ಮೇಲೆ ಕೂತೆ. ಅದು ಮೆಲ್ಲಗೆ ಗೋಡೆಯ ಕಡೆ ತಿರುಗಿತು, ಒಳ್ಳೆಯದೇ ಆಯಿತು, ಮುಖ ಯಾರಿಗೂ ಕಾಣಲಿಲ್ಲ.

ಸಂಜೆ ಆಪರೇಷನ್ ಚೆನ್ನಾಗಿ ಆಯಿತು. ರೇಷ್ಮೆ ಸೀರೆಯನ್ನು ಯಾರೂ ನೋಡಲಿಲ್ಲ.

ಶನಿವಾರ, 18 ಆಗಸ್ಟ್

ದಾಮೋದರನ್ ಸರ್ ಕರೆದು ಕೂರಿಸಿ, ತಾವೇ ಚಹಾ ತರಿಸಿದರು. ಅಮ್ಮಾವನ್ ಚೆನ್ನಾಗಿದ್ದಾರೆ, ಕಲ್ಲುಗಳನ್ನು ಸೀಸೆಯಲ್ಲಿ ಹಾಕಿಸಿಕೊಂಡು ನೋಡಲು ಬಂದವರಿಗೆಲ್ಲ ತೋರಿಸುತ್ತಿದ್ದಾರೆ. "ನಿನ್ನೆ ನೀನು ಮಾಡಿದ್ದು ಸರಿ," ಅಂದರು. ದೊಡ್ಡ ಮನಸ್ಸು ಬೇಕು, ನಿಜ.

ವಿಭಾಗಕ್ಕೆ ಇನ್ನೊಬ್ಬರನ್ನು ತಗೊಳ್ಳಿ, ನನಗಿಂತ ಹಿರಿಯರಾದರೆ ಒಳ್ಳೆಯದು ಅಂದೆ. ನಿನಗಿಂತ ಹಿರಿಯರು ಬಂದರೆ ನೀನು ಹೆಚ್.ಓ.ಡಿ. ಹೇಗಾಗುತ್ತೀ ಅಂತ ಕೇಳಿದರು. ಆಗುವುದಿಲ್ಲ ಅಂದೆ. ಅವರು ಯೋಚಿಸಿ, ಮೊದಲು ಹಾಸಿಗೆಗಳು ತುಂಬಲಿ, ಒಂದು ವರ್ಷ ನೀನೇ ನಿಭಾಯಿಸು ಅಂದರು. ಚಹಾ ಮುಗಿಸಿದೆ. ಒಂದು ವರ್ಷ ಆದಮೇಲೆ ಜಾಗ ಇದ್ದರೆ ಕರೆಯಿರಿ, ಬರುತ್ತೇನೆ ಅಂದೆ.

ರಾತ್ರಿ ಊಟಕ್ಕೆ ಕೂತಾಗ, ಸೋಮವಾರ ತಿರುವನಂತಪುರಕ್ಕೆ ಮೇಡಂ ಹತ್ತಿರ ವಾಪಸು ಹೋಗುತ್ತೇನೆ ಅಂತ ಮನೆಯಲ್ಲಿ ಹೇಳಿದೆ. ವಿನು ಸಾರು ಕಲಸುತ್ತಿದ್ದ ಕೈ ನಿಲ್ಲಿಸಿದ. "ಕೇಳಬಹುದಿತ್ತು ನನ್ನ," ಅಂದ.

ನನಗೂ ಆಗಲೇ ಗೊತ್ತಾದದ್ದು, ಯಾರನ್ನೂ ಕೇಳಿರಲಿಲ್ಲ. ಅಪ್ಪನನ್ನು ಕೂಡ.

ಭಾನುವಾರ, 19 ಆಗಸ್ಟ್

ವಿನು ಬೈಕ್ ತೊಳೆದ. ಮಧ್ಯಾಹ್ನ ಮತ್ತೆ ತೊಳೆದ.

ಸೋಮವಾರ, 20 ಆಗಸ್ಟ್. ರೈಲಿನಲ್ಲಿ

ಬೆಳಗಿನ ಕತ್ತಲಲ್ಲೇ ಬ್ಯಾಗ್ ಹಿಡಿದು ಹೊರಟೆ. ಅತ್ತೆ ಇಡ್ಲಿ ಕಟ್ಟಿಕೊಟ್ಟರು. ಅಳಬಾರದು ಅಂತ ನಿರ್ಧರಿಸಿದ್ದೆ, ಚಪ್ಪಲಿ ಹಾಕುವಷ್ಟರಲ್ಲಿ ನಿರ್ಧಾರ ಮುರಿಯಿತು. ವಿನು ಬೈಕಿನ ಕೀ ಹಿಡಿದು, "ಮತ್ತೆ ಭಾನುವಾರಗಳು," ಅಂದ, ನನಗಲ್ಲ, ಬಾಗಿಲಿಗೆ. ಶನಿವಾರ ರಾತ್ರಿಯಿಂದ ಅವನಾಡಿದ ಮೊದಲ ಮಾತು.

ಅತ್ತೆ ಅಡುಗೆಮನೆಯಿಂದ ಹೊರಬರದೆಯೇ ಹೇಳಿದರು, "ಯಾಕೋ, ರೈಲು ಆ ಕಡೆಯಿಂದ ಮಾತ್ರ ಬರುತ್ತೇನೋ? ಇಲ್ಲಿಂದ ಹೋಗೋದಿಲ್ವಾ?"

ನಾವಿಬ್ಬರೂ ಒಬ್ಬರ ಮುಖ ಒಬ್ಬರು ನೋಡಿದೆವು. ಎಂ.ಡಿ. ಒಬ್ಬಳು, ಬ್ಯಾಂಕ್ ಆಫೀಸರ್ ಒಬ್ಬ. ಇಷ್ಟು ತಿಂಗಳಲ್ಲಿ ಇಬ್ಬರಿಗೂ ಅದು ಹೊಳೆದಿರಲಿಲ್ಲ.

ಶನಿವಾರ, 25 ಆಗಸ್ಟ್. ತಿರುವನಂತಪುರ

ಓಣಂ ನೂಕುನುಗ್ಗಲು. ಜೂನಿಯರ್‌ಗಳಲ್ಲಿ ಅರ್ಧ ಜನ ಊರಿಗೆ ಹೋಗಿದ್ದಾರೆ. ಮಧ್ಯಾಹ್ನ ಜೀವಿತಾ ಬಂದು, ಚೇಚಿ (ಅವಳಿಗೆ ನಾನು ಅಕ್ಕ), ಕೋರ್ಸ್ ಮುಗಿದ ಮೇಲೆ ಏನು ಮಾಡಲಿ, ಎಲ್ಲರೂ ಒಂದೊಂದು ಹೇಳುತ್ತಾರೆ ಅಂತ ಗೋಳಾಡಿದಳು. ನಾಲ್ಕನೇ ಹಾಸಿಗೆಯವರನ್ನು ಏನಾದರೂ ತಿಂದಿರಾ ಅಂತ ಕೇಳಬೇಡ, ಬೆಳಿಗ್ಗೆಯಿಂದ ಎಲ್ಲೆಲ್ಲಿ ಹೋಗಿದ್ರಿ ಅಂತ ಕೇಳು, ಏನಾದರೂ ಅನ್ನಿಸಿದರೆ ನನ್ನನ್ನು ಕೂಗು, ಬರ್ತೀನಿ ಅಂದೆ. ಅವಳು ಇನ್ನೂ ಏನೋ ಬರುತ್ತದೆ ಅಂತ ಕಾಯುತ್ತಾ ನಿಂತಿದ್ದಳು. ಆಮೇಲೆ ಬಿಸ್ಕತ್ತು ತಿಂದಳು.

ಸಂಜೆ ಥಿಯೇಟರ್‌ನಲ್ಲಿ ಒಮ್ಮೆ ನಿಲ್ಲಿಸಿ ಅಂದೆ, ನಿಲ್ಲಿಸಿದರು. ಬಾಗಿಲ ಹತ್ತಿರ ಮೇಡಂ ಇದ್ದರು, ಅದಕ್ಕೇ ಇರಬೇಕು.

ಡ್ಯೂಟಿ ಮುಗಿಸಿ ಹಾಸ್ಟೆಲ್ಲಿಗೆ ಬಂದರೆ ಗೇಟಿನ ಹತ್ತಿರ ಒಬ್ಬ ಮನುಷ್ಯ, ಟೈ ಸಡಿಲ, ಶರ್ಟು ಒದ್ದೆ, ಕೈಯಲ್ಲಿ ಸ್ಟೀಲ್ ಡಬ್ಬಿ. ಕೊಲ್ಲಂವರೆಗೂ ಒಂಟಿ ಕಾಲಲ್ಲಿ ನಿಂತು ಬಂದನಂತೆ, ಡಬ್ಬಿ ಚೆಲ್ಲಬಾರದು ಅಂತ ತಲೆಯ ಮೇಲೆ ಹಿಡಿದು. ನೀನು ಪ್ರತಿ ವಾರ ಇದನ್ನು ಮಾಡ್ತಿದ್ಯಾ ಅಂತ ಕೇಳಿದ. ನನಗೆ ಕಿಟಕಿ ಸೀಟು ಸಿಗ್ತಿತ್ತು ಅಂದೆ. "ರೀ" ಅಂತಲೂ ಕರೆದೆ, ತಮಾಷೆಗೆ. ತಿರುಗಿ ನೋಡಿದ.

ಡಬ್ಬಿಯಲ್ಲಿ ದೇವಸ್ಥಾನದ ಪಾಲ್ ಪಾಯಸ. ಅತ್ತೆ ಕಳಿಸಿದ್ದು. ಗೇಟಿನ ಪಕ್ಕದ ಕಟ್ಟೆಯ ಮೇಲೆ ಕೂತು ಅವನು ಒಂದು ಲೋಟ ಕುಡಿದ, ನಾನು ಮೂರು.

ಲೆಕ್ಕಕ್ಕಿಲ್ಲ.